ಪಿನ್ನು ಬಿದ್ದ ಜಾಗ

ಹೆಮ್ಸೆ, ಗಾಟ್‌ಲೆಂಡ್
ನವೆಂಬರ್ ೧೪, ಮಧ್ಯಾಹ್ನ

ಪ್ರೀತಿಯ ಅಪ್ಪಾ,

ಬೆನ್ನಿನ ಹೊಲಿಗೆ ಬಿಚ್ಚಿದರೇ? ಆಸ್ಪತ್ರೆಯ ಮೀನಿನ ಸಾರು ಸಪ್ಪೆ ಎಂದು ನರ್ಸುಗಳ ಹತ್ತಿರ ಜಗಳ ತೆಗೆಯಬೇಡ. ಫೋನ್ ಮಾಡಿದರೆ, ನಲವತ್ತು ವರ್ಷ ಕುಲುಮೆಯ ಅಡಿಗಲ್ಲಿನ ಮೇಲೆ ಲಾಳ ಬಡಿದ ಸದ್ದು ಕೇಳಿದ ನಿನ್ನ ಕಿವಿಗೆ ಅರ್ಧ ಮಾತೂ ಬೀಳುವುದಿಲ್ಲ. ಇದು ಕೂಗಿ ಹೇಳುವ ವಿಷಯವೂ ಅಲ್ಲ. ನಿನ್ನ ಮೊಮ್ಮಗಳು ಸಿಗ್ನೆಗೆ ಎರಡು ಹಲ್ಲು ಬಂದಿವೆ. ಅವಳು ನಿದ್ದೆ ಮಾಡಿದರೂ ನಾನು ಮಾಡುವುದಿಲ್ಲ, ಉಸಿರಾಡುತ್ತಿದ್ದಾಳೋ ಇಲ್ಲವೋ ಎಂದು ಎದ್ದೆದ್ದು ನೋಡುತ್ತೇನೆ.

ಟೋರ್ಕೆಲ್‌ನ ಕುದುರೆ ಸ್ವಾಲಾ ಹೋಯಿತು. ಮೇವಿನ ಕೋಣೆಯ ಅಗುಳಿ ಹಾಕಲು ಅವನ ಮಗಳು ಎಬ್ಬಾ ಮರೆತಿದ್ದಳು. ಕುದುರೆ ನುಗ್ಗಿ ಓಟ್ಸ್ ಮುಕ್ಕಿತು. ಎರಡೇ ದಿನಕ್ಕೆ ಗೊರಸಿನೊಳಗೆ ಉರಿಯೂತ, ಮುಂಗಾಲು ಊರಲಾಗದ ನೋವು. ಪಶುವೈದ್ಯೆ ಬಂದು, ಗೊರಸಿನಡಿಯ ಮೆತ್ತೆಯ ತುದಿಗೆ ಗುರುತಿಗೆಂದು ಪಿನ್ನು ಚುಚ್ಚಿ, ಎಕ್ಸ್‌ರೇ ತೆಗೆದು, ಪಿನ್ನಿಗೂ ಒಳಗಿನ ಮೂಳೆಯ ತುದಿಗೂ ಎಷ್ಟು ದೂರ ಎಂದು ಚಿತ್ರದ ಮೇಲೇ ಬರೆದುಕೊಟ್ಟಳು. ಆ ಲೆಕ್ಕದಲ್ಲಿ ಮೆತ್ತೆಗೆ ಆಸರೆ ಕೊಡುವ ಪಟ್ಟಿಯಿರುವ ಲಾಳ ನಾನು ಮಾಡಬೇಕಿತ್ತು. ಮೊದಲು ಕೆತ್ತು, ಆಮೇಲೆ ಪಿನ್ನು, ಆಮೇಲೆ ಚಿತ್ರ: ನೀನು ನನಗೆ ಎಷ್ಟು ಸಲ ಹೇಳಿದ್ದೀಯೆ. ನಾನು ತಡವಾಗಿ ಹೋಗಿದ್ದೆ, ಚಿತ್ರ ಆಗಲೇ ಆಗಿತ್ತು. ಸತ್ತ ಪದರವನ್ನು ಆಮೇಲೆ ಕೆತ್ತಿದೆ. ಕೆತ್ತಿದ ಚೂರಿನ ಜೊತೆ ಪಿನ್ನೂ ನೆಲಕ್ಕೆ ಬಿತ್ತು. ಮೆತ್ತೆಯ ತುದಿ ಮೊದಲಿಗಿಂತ ಮುಂದೆ ಕಾಣಿಸಿತು. ವೈದ್ಯೆ ಅಷ್ಟರಲ್ಲಿ ಹೊರಟುಹೋಗಿದ್ದಳು. ವಾಪಸ್ಸು ಕರೆಸಿ ಇನ್ನೊಂದು ಚಿತ್ರ ತೆಗೆಸಬೇಕಿತ್ತು. ಕಾರಿನಲ್ಲಿ ಸಿಗ್ನೆ ಒಂದೇ ಸಮನೆ ಅಳುತ್ತಿದ್ದಳು. ಅದನ್ನು ಮಗುವಿನ ಮೇಲೆ ಹಾಕುವುದಿಲ್ಲ, ಹೊಸ ತುದಿಯಿಂದಲೇ ಅಳೆದವಳು ನಾನು. ಪಟ್ಟಿ ಅಷ್ಟೂ ಮುಂದಕ್ಕೆ ಹೋಗಿ ಕೂತಿತು.

ಲಾಳ ಹಾಕುವ ಹೊತ್ತಿಗೆ ಸ್ವಾಲಾ ಚೇತರಿಸಿಕೊಳ್ಳುತ್ತಿತ್ತು, ಅಪ್ಪ. ಹುಲ್ಲು ಮುಟ್ಟುತ್ತಿತ್ತು. ಲಾಳ ಹಾಕಿದ ನಾಲ್ಕನೇ ದಿನ ಮಲಗಿದ್ದು ಏಳಲಿಲ್ಲ. ಗೊರಸಿನ ಮೇಲಂಚು ಕಾಲಿನಿಂದ ಬಿಟ್ಟುಕೊಂಡಿತ್ತು. ವೈದ್ಯೆ ಗುಂಡು ಹೊಡೆಯುವಾಗ ಟೋರ್ಕೆಲ್ ಅದರ ತಲೆ ಹಿಡಿದುಕೊಂಡಿದ್ದ. ಅವನು ಕೈ ತೊಳೆಯಲು ಹೋದಾಗ ನಾನು ಲಾಳ ಕಿತ್ತು ನೋಡಿದೆ. ಪಟ್ಟಿಯ ತುದಿ ಒತ್ತಿದ ಜಾಗದಲ್ಲಿ ರಕ್ತ ಹೆಪ್ಪುಗಟ್ಟಿ ಕಪ್ಪಾಗಿತ್ತು, ಹೆಬ್ಬೆರಳಿನಷ್ಟು ಅಗಲ. ಲಾಳವನ್ನು ಏಪ್ರನ್ನಿನಲ್ಲಿ ಸುತ್ತಿಟ್ಟುಕೊಂಡೆ. "ಈ ಕಾಯಿಲೇಲಿ ಹೀಗಾಗೋದುಂಟು, ಟೂವಾ. ನೀನು ಮಾಡೋದೆಲ್ಲ ಮಾಡಿದೀಯ" ಎಂದಳು ವೈದ್ಯೆ. ನಾನು ಹೌದೆಂಬಂತೆ ತಲೆಯಾಡಿಸಿದೆ.

ಟೋರ್ಕೆಲ್ ನನಗೆ ಕಾಫಿ ಕೊಟ್ಟ. ಮಗಳ ಕಡೆ ನೋಡದೆ, "ನಿನ್ನಪ್ಪನ ಕೈಚಳಕವೇ ನಿಂಗೆ ಬಂದಿದೆ, ಟೂವಾ. ಆದ್ರೆ ನಮ್ಮನೇಲಿ ಒಂದು ಅಗುಳಿ ಹಾಕೋಕೂ ದಿಕ್ಕಿಲ್ಲದಿದ್ರೆ ಯಾರ ಕೈ ಇದ್ರೂ ಏನು ಮಾಡತ್ತೆ" ಎಂದ. ಎಬ್ಬಾಗೆ ಹನ್ನೆರಡು ವರ್ಷ. ಗೋಡೆಗೆ ಅಂಟಿಕೊಂಡು ನಿಂತಿದ್ದಳು. ನಾನು ಆ ಕಾಫಿ ಪೂರ್ತಿ ಕುಡಿದೆ.

ಒಂಬತ್ತು ದಿನವಾಯಿತು. ಅವಳು ಶಾಲೆಗೆ ಹೋಗುತ್ತಿಲ್ಲವಂತೆ. ಓಟ್ಸ್ ಕಾಯಿಲೆ ತಂದಿತು, ನಿಜ. ಸಾವು ತಂದದ್ದು ನಾನು. ಹೇಳೋಣವೆಂದರೆ ಕುಲುಮೆಯ ಬಾಗಿಲ ಮೇಲಿರುವುದು ನಿನ್ನ ಹೆಸರು, ಈ ದ್ವೀಪದಲ್ಲಿ ಮಾತು ಸಂಜೆಯೊಳಗೆ ವಿಸ್ಬಿ ಪಟ್ಟಣ ಮುಟ್ಟುತ್ತದೆ. ಹೇಳದಿದ್ದರೆ ಆ ಹುಡುಗಿ ಇದನ್ನು ಹೊತ್ತುಕೊಂಡೇ ದೊಡ್ಡವಳಾಗುತ್ತಾಳೆ. ವಿಶ್ವವಿದ್ಯಾಲಯದಲ್ಲಿ ಮೂಳೆ, ನರ ಎಲ್ಲ ಓದಿಬಂದವಳು ನಾನು. ಇದಕ್ಕೆ ಏನು ಮಾಡಬೇಕೆಂದು ಯಾರೂ ಕಲಿಸಲಿಲ್ಲ. ನೀನೇ ಹೇಳು, ಬೈದಾದರೂ ಹೇಳು.

ನಡೆಯುವಾಗ ಕೋಲು ಬಿಡಬೇಡ. ಪಕ್ಕದ ಹಾಸಿಗೆಯ ಹಿರಿಯರಿಗೆ ನನ್ನ ವಂದನೆ ತಿಳಿಸು. ಸಿಗ್ನೆಯ ಮುತ್ತು ನಿನ್ನ ಎರಡೂ ಕೆನ್ನೆಗೆ.

ನಿನ್ನ
ಟೂವಾ

ತಾ.ಕ.: ನಿನ್ನ ಉತ್ತರಕ್ಕೆ ಕಾಯಲಾಗಲಿಲ್ಲ. ಲಕೋಟೆಗೆ ಹಾಕುವಷ್ಟರಲ್ಲಿ ಎಬ್ಬಾ ಬಂದಳು. ಸ್ವಾಲಾದ ಹಳೆಯ ಲಾಳ ಒಂದಾದರೂ ಇದೆಯಾ ಎಂದು ಕೇಳಿದಳು. ಹುಡುಕಿ ಕೊಡುತ್ತೇನೆ, ಅಲ್ಲಿಯವರೆಗೆ ಮಗು ಎತ್ತಿಕೊಂಡಿರು ಎಂದೆ. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, "ಬೇಡಕ್ಕಾ, ನನ್ನ ಕೈಗೆ ಕೊಡಬೇಡಿ. ನಂಗೆ ಮರೆವು" ಎಂದಳು. ಹೇಳಿಬಿಟ್ಟೆ. ಏಪ್ರನ್ನಿನಲ್ಲಿ ಸುತ್ತಿಟ್ಟಿದ್ದ ಲಾಳ ತಂದು, ಎಕ್ಸ್‌ರೇ ಚಿತ್ರದ ಪಕ್ಕ ಇಟ್ಟು, ಪಟ್ಟಿಯ ತುದಿ ಎಲ್ಲಿರಬೇಕಿತ್ತೋ ಎಲ್ಲಿತ್ತೋ ಬೆರಳಿಟ್ಟು ತೋರಿಸಿದೆ. ಅವಳು ಲಾಳ, ಚಿತ್ರ ಎರಡನ್ನೂ ಎದೆಗವಚಿಕೊಂಡು ಮನೆಗೆ ಓಡಿದಳು. ಟೋರ್ಕೆಲ್‌ನ ಟ್ರ್ಯಾಕ್ಟರ್ ಈಗ ನಮ್ಮ ಗೇಟಿನ ಒಳಗೆ ತಿರುಗುತ್ತಿದೆ.