ಮೀನಖಂಡ ಹಿಡಿದ ರಾತ್ರಿ

ತಾರ್ನಾಕ, ಮಂಗಳವಾರ

ಗುರುಬಾಯಿಗೆ,

ಆ ರಾತ್ರಿ ಮೀನಖಂಡ ಹಿಡಿದು ನೀ ಒದರಿದಾಗ, "ನಾಟಕ ಸಾಕು, ಮಲ್ಕೋ" ಅಂದೆ. ಆ ಮಾತಿಗೇ ನೀ ತವರಿಗೆ ಹೋದಿ. ಮೊನ್ನೆ ನನಗೂ ಹಂಗ ಹಿಡೀತು. ಗ್ವಾಡಿ ಹಿಡ್ಕೊಂಡು ಅತ್ತುಬಿಟ್ಟೆ.

ಡಾಕ್ಟರಿಗೆ ತೋರಿಸಿದಾಗ ನಿಂದೂ ಹೇಳಿದೆ. ಹಿಡಿದ ಕೂಡ್ಲೇ ಮೊಣಕಾಲು ನೆಟ್ಟಗ ಮಾಡಿ, ಪಾದ ನಮ್ಮ ಕಡೆ ಎಳ್ಕೋಬೇಕಂತ. ನೀರು ಸಾಕಷ್ಟು ಕುಡೀಬೇಕಂತ. ಕೆಲವು ಬಿ.ಪಿ. ಗುಳಿಗಿಯಿಂದನೂ ಹಿಂಗಾಗ್ತದಂತ. ನಿನ್ನ ಗುಳಿಗಿ ಅಲ್ಲಿ ಡಾಕ್ಟರಿಗೆ ತೋರಿಸು, ನೀನಾಗೇ ಬಿಡಬ್ಯಾಡ.

ಶನಿವಾರ ಬೀದರಿಗೆ ಬರ್ತೀನಿ. ನಿಮ್ಮಣ್ಣನ ಮುಂದನೇ ತಪ್ಪಾತು ಅಂತೀನಿ. ನನ್ನ ಕೂಡ ಬಾ ಅಂತ ಜುಲುಮಿ ಮಾಡೂದಿಲ್ಲ. ಒಂದು ಸಲ ನಿನ್ನ ಕಾಲು ತಿಕ್ಕಾಕ ಬಿಡು, ಸಾಕು.

ನಿನ್ನ,
ಮಲ್ಲಣ್ಣ