ಕರಡಿಗೆಯಲ್ಲಿಟ್ಟ ಕೀಲಿ

ಬಳ್ಳಾರಿ, ಆಸ್ಪತ್ರೆಯ ಎರಡನೇ ಮಹಡಿ
ಸೋಮವಾರ, ೧೨ ಫೆಬ್ರವರಿ ೨೦೨೪

ಮಗಳೇ ಸೌಂದರ್ಯ,

ಧಾರವಾಡದ ಹವೆ ನಿನಗೆ ಒಗ್ಗಿತೇ? ವಕೀಲಿಕೆ, ಕೋರ್ಟಿನ ಗದ್ದಲದಲ್ಲಿ ಮಧ್ಯಾಹ್ನದ ಊಟ ತಪ್ಪಿಸಬೇಡ. ನಿನ್ನ ಅವ್ವನಿಗೂ ಅದೇ ಚಟವಿತ್ತು. ಸಂಜೆಗೆ ಪಿತ್ತ ಏರಿ ನನ್ನ ಮೇಲೆ ಹರಿಹಾಯುತ್ತಿದ್ದಳು, ಪುಣ್ಯಾತ್ಗಿತ್ತಿ. ನನ್ನ ಆರೋಗ್ಯ ಕೇಳಿದರೆ, ಎಡಗೈ ಮುರಿದಿದೆ, ಮುಂದಿನ ಹಲ್ಲುಗಳಿಲ್ಲ. ಬಲಗೈ ನೆಟ್ಟಗಿರುವುದರಿಂದ ಬರೆಯುತ್ತಿದ್ದೇನೆ.

ಶನಿವಾರ ಸಂಜೆ ಮೂವರು ಗಾಂಧಿನಗರದ ಮನೆಗೆ ನುಗ್ಗಿದರು. ಇಬ್ಬರನ್ನು ಹಿಂದೆಂದೂ ಕಂಡಿಲ್ಲ; ಮೂರನೆಯವನು ನಿನ್ನ ಸೋದರಮಾವನ ಮಗ ವೀರಭದ್ರ. ಮರಳು ದಂಧೆಯವರ ಲಾರಿಗಳ ಉಸ್ತುವಾರಿ ನೋಡುತ್ತಾನೆಂದು ಗೊತ್ತಿತ್ತು, ಸಲಾಕೆ ಹಿಡಿಯುತ್ತಾನೆಂದು ಗೊತ್ತಿರಲಿಲ್ಲ. ನೀನು ಕಪಾಟಿನಲ್ಲಿಟ್ಟ ಸರ್ವರ್ ಪೆಟ್ಟಿಗೆಯನ್ನು ವೈರು ಸಮೇತ ಕಿತ್ತರು. ಸಿರುಗುಪ್ಪದಲ್ಲಿ ಮರಳು ಸಾಗಣೆಗೆ ಅಡ್ಡ ನಿಂತ ಓಬಣ್ಣನ ಮೇಲೆ ಲಾರಿ ಹಾಯಿಸಿ ಕೊಂದದ್ದನ್ನು ಕಂಡ ಆ ಇಬ್ಬರು ಹೆಣ್ಣುಮಕ್ಕಳು ಮುಖ ತೋರಿಸಿ ಮಾತಾಡಿದ ವಿಡಿಯೊ ಅದರಲ್ಲಿದೆಯೆಂದು ಅವರಿಗೆ ಹೇಗೋ ತಿಳಿದಿತ್ತು. ಅದನ್ನು ತೆರೆಯುವ ಕೀಲಿಯ ಫೈಲು ಸಿಗದಿದ್ದರೆ ಆ ಪೆಟ್ಟಿಗೆ ಬರೀ ಕಲ್ಲು, ಸಾಕ್ಷಿ ಹೇಳಿದವರು ಯಾರೆಂದು ಕಾಣದು ಎಂಬುದೂ ತಿಳಿದಿತ್ತು.

ಕೀಲಿಯ ಫೈಲು ಪೆಟ್ಟಿಗೆಯೊಳಗೆ ಇರಕೂಡದು, ಒಂದು ಪ್ರತಿ ನಿನ್ನ ಬಳಿ, ಒಂದು ನನ್ನ ಬಳಿ ಎಂದು ನೀನು ಹೇಳಿದ್ದೆ. ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟ್ರು ‘ಪ್ರಿವೆನ್ಷನ್ ಈಸ್ ಬೆಟರ್ ದ್ಯಾನ್’ ಎಂದು ಏನೋ ಹೇಳುತ್ತಿದ್ದರು, ಮುಂದಿನದು ಮರೆತಿದ್ದೇನೆ. ಉಗುರಿನಷ್ಟಿದ್ದ ಆ ಮೆಮೊರಿ ಕಾರ್ಡನ್ನು ಕೊರಳಿನ ಬೆಳ್ಳಿ ಕರಡಿಗೆಯಲ್ಲಿ, ಇಷ್ಟಲಿಂಗದ ಕೆಳಗೆ ಇಟ್ಟುಕೊಂಡಿದ್ದೆ. ಬೈಯುತ್ತೀ ಎಂದು ನಿನಗೂ ಹೇಳಿರಲಿಲ್ಲ.

ಮೊದಲು ಹಲ್ಲು ಹೋದವು. ಆಮೇಲೆ ಎಡಗೈಯನ್ನು ಹೊಸ್ತಿಲ ಮೇಲಿಟ್ಟು ಸಲಾಕೆಯಿಂದ ಹೊಡೆದರು. ಒಣ ಜಾಲಿ ಮುರಿದಂತೆ ಸದ್ದಾಯಿತು. ನೆಲದಲ್ಲಿ ನನ್ನದೇ ರಕ್ತಕ್ಕೆ ಕಾಲು ಜಾರುತ್ತಿತ್ತು. ಎಷ್ಟು ಕೇಳಿದರೂ ಗೊತ್ತಿಲ್ಲ ಎಂದೆ. ಅಂಗಿ ಹರಿದು ಒಬ್ಬ ಕರಡಿಗೆಗೆ ಕೈ ಹಾಕಿದ. ವೀರಭದ್ರ ಅವನ ಕಪಾಳಕ್ಕೆ ಬಾರಿಸಿದ.

“ಅದಕ್ಕ ಕೈ ಹಚ್ಚಬ್ಯಾಡಲೇ. ಅದು ಮಾಮನ ಲಿಂಗ ಐತಿ.”

ನನ್ನ ಎಲುಬು ಮುರಿದವನು ಲಿಂಗಕ್ಕೆ ಅಂಜಿದ, ನೋಡು. ಆದರೆ ಅಲ್ಲಿಯವರೆಗೆ ಒಂದು ಏಟಿಗೂ ಅಡ್ಡ ಬಾರದ ನನ್ನ ಬಲಗೈ ಆಗ ಕರಡಿಗೆಯನ್ನು ಗಟ್ಟಿಯಾಗಿ ಮುಚ್ಚಿಕೊಂಡಿತ್ತು. ಹೋಗುವಾಗ ಅವನು ಆ ಮುಷ್ಟಿಯನ್ನೇ ನೋಡುತ್ತ ಹೋದ.

ಎದುರು ಮನೆಯ ಹಂಪಮ್ಮ ಆಟೋದಲ್ಲಿ ಹಾಕಿಕೊಂಡು ಬಂದು ಸೇರಿಸಿದಳು. ಇಲ್ಲಿ ಹತ್ತು ಜನರ ಕಣ್ಣೆದುರು ಕರಡಿಗೆ ತೆರೆಯುವುದು ಹೇಗೆ? ಪೂಜೆ ಬಿಟ್ಟೆ. ಪೂಜೆಯಾಗದೆ ನಾನು ಉಣ್ಣುವವನಲ್ಲ. “ಹೊಡಿಸ್ಕೊಂಡದ್ದು ಸಾಲ್ದಂತ ಉಪಾಸ ಬ್ಯಾರೆ ಏನ್ರಿ ಅಣ್ಣಾರ” ಎಂದು ಅವಳ ಬೈಗುಳ. ಈ ಕಾಗದವನ್ನು ನಿನ್ನ ಕೈಗೇ ಮುಟ್ಟಿಸಲು ಅವಳೇ ಬರುತ್ತಾಳೆ. ಊಟ ಹಾಕಿ ಕಳಿಸು.

ನಿನ್ನ ಅವ್ವನ ಪುಣ್ಯ ನಿನ್ನ ಬೆನ್ನಿಗಿರಲಿ, ಕೂಸೇ.

ನಿನ್ನ ಅಪ್ಪ,
ಮರಿಬಸಪ್ಪ

ತಾ.ಕ.: ಇದೀಗ ವೀರಭದ್ರ ಬಾಳೆಹಣ್ಣು ಹಿಡಿದು ಬಂದಿದ್ದ. ಕಾಲು ಮುಟ್ಟಿ, “ಉಪಾಸ ಅದೀರಂತಲ್ಲ ಮಾಮ. ನಾನ ನೀರು ತರ್ತೀನಿ, ನನ್ನ ಮುಂದನ ಪೂಜಿ ಮಾಡ್ರಿ” ಎಂದ. ಲಿಂಗ ಅಂಗೈಗೆ ಬಂದರೆ ಕಾರ್ಡೂ ಬರುತ್ತದೆಂದು ಅವನ ಲೆಕ್ಕ. ಅವನು ನೀರು ತರುವಷ್ಟರಲ್ಲಿ ಕಾರ್ಡನ್ನು ದವಡೆ ಹಲ್ಲಿನಲ್ಲಿ ಕಡಿದು ನುಂಗಿದೆ. ನಾಲಿಗೆ ಕೊಯ್ದು ಬಾಯಿತುಂಬ ರಕ್ತ. ಅದನ್ನೂ ನುಂಗಿ ಪೂಜೆ ಮಾಡಿದೆ. ಖಾಲಿ ಕರಡಿಗೆಯನ್ನೂ ನನ್ನ ತುಟಿಯ ರಕ್ತವನ್ನೂ ನೋಡಿ ಅವನು ಎದ್ದುಹೋದ. ಇನ್ನು ಕೀಲಿ ಉಳಿದಿರುವುದು ನಿನ್ನ ಬಳಿ ಮಾತ್ರ, ಅದು ಅವನಿಗೂ ಗೊತ್ತಾಗಿದೆ. ಆ ಹೆಣ್ಣುಮಕ್ಕಳಿಗೆ ಕೋರ್ಟು ರಕ್ಷಣೆ ಕೊಡುವ ತನಕ ಬಳ್ಳಾರಿಗೆ ಬರಬೇಡ. ನಾನು ಸತ್ತೆನೆಂದು ಯಾರೇ ಹೇಳಿದರೂ, ಮಣ್ಣಿಗೂ ಬರಬೇಡ.