೪೧೭ನೇ ಚೀಟಿಯ ಶಂಖ

ಮಾನ್ಯ ಸಂಘಟನಾ ಸಮಿತಿಯ ಅಧ್ಯಕ್ಷರೇ,

ಇಂದು ಫೆಬ್ರವರಿ ಹನ್ನೆರಡು. ಈ ಪತ್ರದ ಉದ್ದೇಶ ಎರಡು. ಬರುವ ಏಪ್ರಿಲ್‌ನಲ್ಲಿ ನಮ್ಮ ದ್ವೀಪದಲ್ಲಿ ಆರಂಭವಾಗಲಿರುವ ಅಂತರರಾಷ್ಟ್ರೀಯ ಕ್ರಿಕೆಟ್ ಪಂದ್ಯಾವಳಿಯ ಉದ್ಘಾಟನೆಯಲ್ಲಿ ಶಂಖ ಊದಬೇಕೆಂದು ತಾವು ನನಗೆ ಕಳುಹಿಸಿರುವ ಆಹ್ವಾನಕ್ಕೆ ಉತ್ತರ ಕೊಡುವುದು ಒಂದು. ಎಂಟು ವರ್ಷಗಳ ಹಿಂದೆ, ಇಂಥದೇ ಇನ್ನೊಂದು ಪಂದ್ಯಾವಳಿಯಲ್ಲಿ, ಕ್ರೀಡಾಂಗಣದ ಮೂರನೇ ದ್ವಾರದಲ್ಲಿ ತಮ್ಮ ಸಮಿತಿಯವರು ನನ್ನ ತಾತನಿಂದ ಪಡೆದುಕೊಂಡ ಶಂಖವನ್ನು ಹಿಂದಕ್ಕೆ ಕೇಳುವುದು ಇನ್ನೊಂದು. ಈ ಎರಡನೆಯ ವಿಷಯವಾಗಿ ಏಳು ಪತ್ರಗಳನ್ನು ತಮ್ಮ ಕಚೇರಿಗೆ ಬರೆದಾಗಿದೆ. ಒಂದಕ್ಕೂ ಉತ್ತರವಿಲ್ಲದ ಕಾರಣ ಎಂಟನೆಯದನ್ನು ಪತ್ರಿಕೆಯಲ್ಲಿ, ಊರೆಲ್ಲ ಓದುವಂತೆ, ಬರೆಯುತ್ತಿದ್ದೇನೆ.

ತಮ್ಮ ಆಹ್ವಾನ ಪತ್ರಿಕೆ ನನ್ನನ್ನು ‘ಈ ವರ್ಷ ಇಡೀ ಗ್ರೆನಡಾಕ್ಕೆ ಪ್ರಥಮ ಸ್ಥಾನ ಪಡೆದ ವಿದ್ಯಾರ್ಥಿನಿ’ ಎಂದು ಕರೆದಿದೆ. ಅದು ನಿಜ, ಅದಕ್ಕಾಗಿ ನಾನು ದುಡಿದಿದ್ದೇನೆ, ಆದ್ದರಿಂದ ಸಂಕೋಚ ನಟಿಸುವುದಿಲ್ಲ. ಅದೇ ಪತ್ರಿಕೆ ನನ್ನನ್ನು ‘ಪ್ರಸಿದ್ಧ ಶಂಖವಾದಕರ ಮೊಮ್ಮಗಳು’ ಎಂದೂ ಕರೆದಿದೆ. ಈ ಪ್ರಸಿದ್ಧಿ ತಮಗೆ ಯಾವಾಗ ತಿಳಿಯಿತು? ಎಂಟು ವರ್ಷಗಳ ಹಿಂದೆ ತಮ್ಮ ದ್ವಾರದಲ್ಲಿ ಅವರ ಹೆಸರನ್ನೂ ಯಾರೂ ಕೇಳಲಿಲ್ಲ. ಶಂಖಕ್ಕೆ ಬದಲಾಗಿ ಕೊಟ್ಟ ಚೀಟಿಯ ಮೇಲೆ ಆ ಹೆಸರನ್ನು ಬರೆದವಳು ನಾನು.

ಆ ಹೆಸರು ಹಿಲೇರಿಯನ್ ಕಲಿಸ್ಟ್. ಐವತ್ತೊಂದು ವರ್ಷ ಗ್ವಾವ್ ಕೊಲ್ಲಿಯಿಂದ ದೋಣಿ ಇಳಿಸಿದವರು. ನಮ್ಮ ಕೊಲ್ಲಿಯಲ್ಲಿ ಮೀನು ಬಂದ ಸುದ್ದಿಯನ್ನು ಶಂಖವೇ ಹೇಳುತ್ತದೆ. ದಡ ಮುಟ್ಟುವ ಮೊದಲು ದೋಣಿಯಲ್ಲೇ ನಿಂತು ಮೂರು ಸಲ ದೀರ್ಘವಾಗಿ ಊದಿದರೆ ಗುಡ್ಡದ ಮೇಲಿನ ಮನೆಗಳವರೆಗೂ ಹೆಂಗಸರು ಬೋಗುಣಿ ಹಿಡಿದು ಹೊರಡುತ್ತಾರೆ. ಒಂದು ಶಂಖದ ದನಿ ಇನ್ನೊಂದಕ್ಕಿಲ್ಲ. ಕಣ್ಣು ಮುಚ್ಚಿಕೊಂಡೇ ಯಾರ ದೋಣಿ ಬಂತೆಂದು ಮಕ್ಕಳೂ ಹೇಳುತ್ತಾರೆ. ತಾತನ ಶಂಖದ ತುಟಿ ಒಂದು ಕಡೆ ಮುರಿದಿತ್ತು. ಆ ಮುರುಕಿಗೆ ದೋಣಿಯ ಕೆಂಪು ಬಣ್ಣವನ್ನೇ ತುಂಬಿದ್ದರು. ಅದರ ದನಿ ಕೊನೆಯಲ್ಲಿ ಸ್ವಲ್ಪ ನಡುಗುತ್ತಿತ್ತು, ನಗು ತಡೆದುಕೊಂಡವರ ಹಾಗೆ. ಕ್ರಿಕೆಟ್ಟಿನ ದಿನ ಅದೇ ಶಂಖ ಮೈದಾನಕ್ಕೆ ಹೋಗುತ್ತಿತ್ತು. ನಮ್ಮವರು ವಿಕೆಟ್ ಕಿತ್ತರೆ ಮೂರು ದೀರ್ಘ ಕೂಗು. ಬಲೆ ತುಂಬಿದರೂ ಅದೇ, ಎದುರಾಳಿ ಔಟಾದರೂ ಅದೇ. ಎರಡನ್ನೂ ತಾತ ಒಂದೇ ಬಗೆಯ ಕೃಪೆಯೆಂದು ತಿಳಿದಿದ್ದರು.

ಪಂದ್ಯಾವಳಿ ನಮ್ಮ ದ್ವೀಪಕ್ಕೆ ಬರುತ್ತದೆಂದು ಗೊತ್ತಾದ ಮೇಲೆ ಗ್ವಾವ್‌ನಲ್ಲಿ ಬೇರೆ ಮಾತೇ ಇರಲಿಲ್ಲ. ತರಗತಿಗೆ ಮೊದಲು ಬಂದದ್ದಕ್ಕೆ ಶಾಲೆ ನನಗೆ ಎರಡು ಟಿಕೆಟ್ ಬಹುಮಾನ ಕೊಟ್ಟಿತು. ನನಗಾಗ ಹನ್ನೊಂದು ವರ್ಷ. ತಾತ ಆ ಟಿಕೆಟ್ಟುಗಳನ್ನು ಪ್ರಾರ್ಥನಾ ಪುಸ್ತಕದೊಳಗೆ ಇಟ್ಟು ದಿನಕ್ಕೊಮ್ಮೆ ತೆಗೆದು ನೋಡುತ್ತಿದ್ದರು. ಅವರಿಗೆ ಓದಲು ಬರುತ್ತಿರಲಿಲ್ಲ; ಆದರೂ ನೋಡುತ್ತಿದ್ದರು. ಬೇರೆ ಟಿಕೆಟ್ ಹಿಡಿದು ತಾತನ ತಂಗಿ ಟ್ಯಾಂಟಿ ವೆರೋನಾ ಕೂಡ ಹೊರಟಳು; ಟ್ಯಾಂಟಿ ಎಂದರೆ ಅತ್ತೆ, ಊರಿಗೆಲ್ಲ ಅವಳು ಅತ್ತೆಯೇ. ಮೀನು ಮಾರುಕಟ್ಟೆಯಲ್ಲಿ ಮೂವತ್ತು ವರ್ಷ ಕೂಗಿ ಪಳಗಿದ ಗಂಟಲು ಅವಳದು.

ಮೂರನೇ ದ್ವಾರದಲ್ಲಿ ನಡೆದದ್ದನ್ನು ನಡೆದಂತೆಯೇ ಬರೆಯುತ್ತೇನೆ.

“ಏನದು ಅಜ್ಜ, ಚೀಲದಲ್ಲಿ?” ಎಂದ ಕಾವಲುಗಾರ.

“ಶಂಖ ಕಣಪ್ಪ.”

“ಅದು ಒಳಗೆ ಬರಂಗಿಲ್ಲ. ವಾದ್ಯ ಅದು.”

“ವಾದ್ಯ ಯಾಕಾಗುತ್ತೋ? ಹುಳದ ಮನೆ ಇದು. ಒಳಗಿದ್ದ ಮಾಂಸಾನ ನಿಮ್ಮಮ್ಮ ಬೇಯಿಸಿ ಹಾಕೇ ನಿನ್ನ ಇಷ್ಟೆತ್ತರ ಬೆಳೆಸಿರೋದು.”

ಸಾಲಿನಲ್ಲಿದ್ದವರೆಲ್ಲ ನಕ್ಕರು. ಕಾವಲುಗಾರನೂ ನಗು ನುಂಗಿಕೊಂಡ. “ವಾದ್ಯ ಅಲ್ಲ ಅಂದ್ರೆ ಆಯುಧ ಅಂತ ಬರ್ಕೋತೀನಿ. ಎಸೆದ್ರೆ ತಲೆ ಒಡೆಯಲ್ವಾ?”

“ಹಂಗಾದ್ರೆ ನನ್ನ ಪಾತ್ರೆ?” ಎಂದು ಟ್ಯಾಂಟಿ ವೆರೋನಾ ಮುಂದೆ ಬಂದಳು. ತೆಂಗಿನ ಹಾಲಿನಲ್ಲಿ ಬೇಯಿಸಿದ ಜೀಗುಜ್ಜೆ, ಉಪ್ಪು ಮಾಂಸ ಅದರ ತುಂಬ.

“ಅದೂ ಇಲ್ಲ, ಟ್ಯಾಂಟಿ. ಒಳಗೇ ತಗೊಂಡು ತಿನ್ನಬೇಕು.”

“ಒಳಗೇನು ಸಿಗುತ್ತಪ್ಪ?”

“ಸಾಸೇಜ್ ಇಟ್ಟ ಬನ್ನು.”

“ಆ ಬನ್ನು ನಿಮ್ಮ ಸಾಹೇಬ್ರಿಗೆ ತಿನ್ಸು, ಮಗನೇ” ಎಂದವಳೇ ಟ್ಯಾಂಟಿ ದ್ವಾರದ ಮುಂದೆಯೇ ಚಕ್ಕಂಬಟ್ಟಲು ಹಾಕಿ ಕೂತು ಇಡೀ ಸಾಲಿಗೆ ಬಡಿಸಿದಳು. ಕೊನೆಯ ಕೈತುತ್ತನ್ನು ಆ ಕಾವಲುಗಾರನೇ ತಿಂದ. ಅವನ ಮೇಲೆ ನನಗೆ ದೂರಿಲ್ಲ. ನಿಯಮ ಬರೆದವರು ಆ ಸಾಲಿನಲ್ಲಿ ನಿಂತವರೂ ಅಲ್ಲ, ಆ ಪಾತ್ರೆಯಿಂದ ಉಂಡವರೂ ಅಲ್ಲ.

ತಾತ ಮಾತ್ರ ಊಟಕ್ಕೆ ಕೂರಲಿಲ್ಲ. ಚೀಲದ ಬಾಯನ್ನು ಬಿಗಿದು ನನ್ನ ಕಡೆ ತಿರುಗಿದರು. ನನ್ನನ್ನು ಅವರು ದುದು ಎಂದು ಕರೆಯುತ್ತಿದ್ದರು; ನಮ್ಮಲ್ಲಿ ಮುದ್ದಿನವರನ್ನು ಹಾಗೆ ಕರೆಯುವುದು.

“ನಡಿ ದುದು, ಮನೆಗೆ ಹೋಗೋಣ. ಬಸ್ಸಿನೋನು ಇನ್ನೂ ಹೊರಟಿಲ್ಲ.”

“ತಾತ, ಚೀಟಿ ಕೊಡ್ತಾರೆ. ಆಟ ಮುಗಿದ ಮೇಲೆ ವಾಪಸ್ ಕೊಡ್ತಾರೆ. ಹನ್ನೊಂದನೇ ನಿಯಮ, ಪೇಪರಲ್ಲಿ ಬಂದಿದೆ.”

“ಬರೆದಿದಾರಾ?”

“ಅಚ್ಚು ಹಾಕಿದಾರೆ ತಾತ.”

“ನೀನು ಓದಿದೀಯಾ?”

“ಎರಡು ಸಲ.”

ಅಧ್ಯಕ್ಷರೇ, ನನ್ನ ತಾತ ಶಂಖವನ್ನು ತಮ್ಮ ಕಾವಲುಗಾರನಿಗೆ ಕೊಡಲಿಲ್ಲ. ನನ್ನ ಕೈಗೆ ಕೊಟ್ಟರು. ಅದನ್ನು ಒಯ್ದು ನೀಲಿ ಪೀಪಾಯಿಯೊಳಗೆ, ಮದ್ದಳೆಗಳ, ಕೊಡೆಗಳ, ಸೀಟಿಗಳ ನಡುವೆ ಇಟ್ಟವಳು ನಾನು. ೪೧೭ನೇ ಚೀಟಿಯ ಮೇಲೆ ಹೆಸರನ್ನು ದುಂಡಗೆ ಬರೆದೆ. ಕಾವಲುಗಾರ ‘ಅಕ್ಷರ ಚೆನ್ನಾಗಿದೆ ಕಣಮ್ಮ’ ಎಂದ. ನನಗೆ ಹೆಮ್ಮೆಯಾಯಿತು. ಆ ಹೆಮ್ಮೆಯನ್ನು ನಾನು ಇಂದಿಗೂ ಕ್ಷಮಿಸಿಕೊಂಡಿಲ್ಲ.

ಒಳಗೆ ಹೋದರೆ ಮೈದಾನದ ಅರ್ಧ ಖಾಲಿ. ಹೊರಗಿನಿಂದ ಬರುವವರಿಗೆಂದು ಕಾದಿರಿಸಿದ ಕುರ್ಚಿಗಳಿಗೆ ಯಾರೂ ಬಂದಿರಲಿಲ್ಲ. ನಮ್ಮವರು ಅಲ್ಲಿ ಕೂರುವಂತಿರಲಿಲ್ಲ. ನಾನು ಚರ್ಚಿನಲ್ಲಿಯೂ ಅಂಥ ಮೌನವನ್ನು ಕೇಳಿಲ್ಲ. ಎದುರಾಳಿ ನಾಯಕ ತನ್ನವರಿಗೆ ಹೇಳುತ್ತಿದ್ದ ಗುಟ್ಟುಗಳು ನಾವು ಕೂತಲ್ಲಿಗೇ ಸ್ಪಷ್ಟವಾಗಿ ಬರುತ್ತಿದ್ದವು. ಇಷ್ಟೊಂದು ದ್ವೀಪಗಳು ಸೇರಿ ಕಟ್ಟಿದ ತಂಡ ನಮ್ಮದು. ಹಣ, ಧ್ವಜ, ರಾಷ್ಟ್ರಗೀತೆ ಬೇರೆ ಬೇರೆಯಾದ ಈ ಜನರನ್ನು ಒಂದು ಮಾಡುವುದು ಆ ಮೈದಾನದ ಗದ್ದಲ ಒಂದೇ. ಅದನ್ನೇ ಪೀಪಾಯಿಗೆ ತುಂಬಿ ಮುಚ್ಚಳ ಹಾಕಿದ ಮೇಲೆ ಹನ್ನೊಂದು ಜನ ಯಾರಿಗಾಗಿ ಆಡಬೇಕಿತ್ತು?

ಹದಿನಾರನೇ ಓವರಿನಲ್ಲಿ ಎದುರಾಳಿಗಳ ಮುಖ್ಯ ಬ್ಯಾಟ್ಸ್‌ಮನ್ ಔಟಾದ. ತಾತ ಎದ್ದು ನಿಂತರು. ಎರಡೂ ಅಂಗೈಗಳನ್ನು ಶಂಖ ಹಿಡಿದಂತೆ ಬಾಗಿಸಿ ತುಟಿಗೆ ಒಯ್ದರು. ಉಸಿರನ್ನೂ ಎಳೆದುಕೊಂಡಿದ್ದರು. ಆಮೇಲೆ ಬರಿಗೈ ಎಂಬುದು ನೆನಪಾಗಿ ಆ ಉಸಿರನ್ನು ಸದ್ದಿಲ್ಲದೆ ಬಿಟ್ಟು ಕೂತರು. ಅಷ್ಟರಲ್ಲಿ ತಮ್ಮ ಧ್ವನಿವರ್ಧಕಗಳು ಶಂಖದ ಧ್ವನಿಮುದ್ರಿಕೆಯೊಂದನ್ನು ಮೊಳಗಿಸಿದವು. ಹೌದು, ಅಧ್ಯಕ್ಷರೇ: ಶಂಖಗಳನ್ನು ದ್ವಾರದಲ್ಲಿ ಕೂಡಿಹಾಕಿ, ಒಳಗೆ ಯಂತ್ರದಿಂದ ಶಂಖ ಊದಿಸಿದಿರಿ. ಶಂಖದಿಂದ ಬಂದರೇ ತೀರ್ಥ ಎನ್ನುವುದುಂಟು. ತಮ್ಮ ಆಡಳಿತದಲ್ಲಿ ಧ್ವನಿವರ್ಧಕದಿಂದ ಬಂದರೇ ಶಂಖ.

ತಾತ ತಲೆಯೆತ್ತಿ ಕೇಳಿಸಿಕೊಂಡರು. “ಯಾವನಿವನು ಊದ್ತಿರೋನು? ಮಧ್ಯೆ ಉಸಿರೇ ತಗೋತಿಲ್ವಲ್ಲ!”

“ಅದು ಮಿಷನ್ನು ಅಣ್ಣಾ” ಎಂದಳು ಟ್ಯಾಂಟಿ.

“ಪಾಪ” ಎಂದರು ತಾತ.

ನಾವು ಸೋತೆವು. ಅದರ ನಂತರದ ಪಂದ್ಯದಲ್ಲೂ ಸೋತು, ನಮ್ಮದೇ ಅಂಗಳದ ಪಂದ್ಯಾವಳಿಯಿಂದ ಹೊರಬಿದ್ದೆವು. ಸೋಲಿನ ಬಗ್ಗೆ ನನ್ನ ದೂರಿಲ್ಲ. ನನ್ನ ವಯಸ್ಸಿನವರು ಹುಟ್ಟಿದ್ದೇ ಸೋಲುಗಳ ನಡುವೆ. ಗೆಲುವುಗಳನ್ನು ನಾವು ಹಿರಿಯರ ಬಾಯಿಂದ ಕೇಳಿದ್ದೇವೆ. ಸೋತ ದಿನವೂ ಊರಿಗೆ ಊದಿಕೊಂಡೇ ಮರಳುತ್ತಿದ್ದೆವು ಎಂದು ತಾತ ಹೇಳುತ್ತಿದ್ದರು. ಆ ದಿನ ಪಂದ್ಯ ಮುಗಿದು ಮೂರನೇ ದ್ವಾರಕ್ಕೆ ಬಂದರೆ ಮೇಜೂ ಇಲ್ಲ, ಪೀಪಾಯಿಯೂ ಇಲ್ಲ. ಕಸ ಗುಡಿಸುತ್ತಿದ್ದವಳು, “ಲಾರೀಲಿ ಹೇರ್ಕೊಂಡು ಹೋದ್ರು. ಸೋಮವಾರ ಆಫೀಸಿಗೆ ಹೋಗಿ” ಎಂದಳು.

ತಾತ ಸೋಮವಾರ ಹೋದರು. ನಂತರದ ಸೋಮವಾರವೂ ಹೋದರು. ಕಡಲಿಗೆ ಇಳಿಯಬೇಕಾದ ದಿನಗಳಲ್ಲಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡು ರಾಜಧಾನಿಯ ಬಸ್ಸು ಹತ್ತುತ್ತಿದ್ದರು. ಅರ್ಜಿ ಕೊಡಿ ಎಂದರು, ನಾನು ಬರೆದೆ. ನಮೂನೆ ಸರಿಯಿಲ್ಲ ಎಂದರು, ಮತ್ತೆ ಬರೆದೆ. ‘ವಸ್ತುವಿನ ವಿವರ’ ಎಂಬಲ್ಲಿ ಕೆಂಪು ಬಣ್ಣದ ಮುರುಕನ್ನೂ, ಕೊನೆಯಲ್ಲಿ ನಡುಗುವ ದನಿಯನ್ನೂ ಬರೆದೆ. ದನಿಯನ್ನು ಗುಮಾಸ್ತರು ಹೊಡೆದುಹಾಕಿದರು. ಏಳನೆಯ ಅರ್ಜಿಯ ನಂತರ ತಾತ, “ಸಾಕು ದುದು, ನಿನ್ನ ಕೈ ನೋಯುತ್ತೆ” ಎಂದರು. ಹನ್ನೊಂದನೇ ನಿಯಮದ ಮಾತನ್ನು ಒಂದು ದಿನವೂ ಎತ್ತಲಿಲ್ಲ. ಎತ್ತಿದ್ದರೆ ನಾನು ಹಗುರಾಗುತ್ತಿದ್ದೆ.

ಬೇರೆ ಶಂಖ ಸಿಗಲಿಲ್ಲವೇ ಎಂದು ತಾವು ಕೇಳಬಹುದು. ಸಿಕ್ಕಿತು. ಅದರ ತುದಿ ಕೊಯ್ದು, ಉಜ್ಜಿ, ತಾತ ದೋಣಿಯಲ್ಲಿ ನಿಂತು ಊದಿದರು. “ಇದೇನಣ್ಣಾ, ಶಂಖಾನಾ, ನೆಗಡಿ ಹಿಡಿದ ಮೇಕೇನಾ?” ಎಂದು ಟ್ಯಾಂಟಿ ದಡದಿಂದಲೇ ಕೂಗಿದಳು. ತಾತನೂ ನಕ್ಕರು. ಆದರೆ ಗುಡ್ಡದ ಮೇಲಿನವರು ಯಾರೋ ಹೊರಗಿನವನ ದೋಣಿಯೆಂದುಕೊಂಡು ಇಳಿದು ಬರಲಿಲ್ಲ. ಅರ್ಧ ಮೀನು ಬಿಸಿಲಿಗೆ ಕೆಟ್ಟಿತು. ಕ್ರಮೇಣ ಟ್ಯಾಂಟಿಯ ಗಂಟಲೇ ಆ ದೋಣಿಯ ಶಂಖವಾಯಿತು. ತಾತ ಮತ್ತೆಂದೂ ಮೈದಾನಕ್ಕೆ ಹೋಗಲಿಲ್ಲ. ರೇಡಿಯೋದಲ್ಲಿ ವಿಕೆಟ್ ಬಿದ್ದರೆ ಅಂಗೈಗಳು ಮಾತ್ರ ತಾವಾಗಿಯೇ ಬಾಗುತ್ತಿದ್ದವು.

ಕಳೆದ ತಿಂಗಳು, ಜನವರಿ ಇಪ್ಪತ್ತರಂದು, ಅವರು ತೀರಿಕೊಂಡರು. ನಮ್ಮ ಕೊಲ್ಲಿಯ ರೂಢಿಯೊಂದಿದೆ: ದೋಣಿಯವನನ್ನು ಮಣ್ಣಿಗಿಡುವಾಗ ಅವನ ಶಂಖವನ್ನು ಮನೆಯವರೊಬ್ಬರು ಸಮಾಧಿಯ ಬಳಿ ಮೂರು ಸಲ ಊದಬೇಕು, ದೋಣಿ ದಡ ಸೇರಿತೆಂಬ ಅರ್ಥದಲ್ಲಿ. ಅವನದೇ ಶಂಖ, ಇನ್ನೊಬ್ಬರದಲ್ಲ. ಊದಬೇಕಾದವಳು ನಾನು, ಊದಲು ಕಲಿಸಿದವರೂ ಅವರೇ. ಐದಾರು ದೋಣಿಯವರು ತಮ್ಮ ತಮ್ಮ ಶಂಖಗಳನ್ನು ತಂದು ನನ್ನ ಮುಂದೆ ಹಿಡಿದರು. ಟ್ಯಾಂಟಿ ವೆರೋನಾ ತಲೆಯಾಡಿಸಿದಳು. “ಬೇಡ ಕಂದ. ಬೇರೆಯೋರ ದನಿ ಕೇಳಿ ಅವನು ಯಾವ ದಡಕ್ಕೆ ಹೋಗ್ತಾನೋ.” ಮಣ್ಣು ಬೀಳುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲದೆ ಅವರನ್ನು ಮುಚ್ಚಿದೆವು. ಆ ಮೌನವನ್ನು ನಾನು ಮೊದಲೂ ಒಮ್ಮೆ ಕೇಳಿದ್ದೆ, ತಮ್ಮ ಮೈದಾನದಲ್ಲಿ.

ಅದಾದ ಎರಡು ವಾರಕ್ಕೆ ತಮ್ಮ ಆಹ್ವಾನ ಬಂತು. ದಪ್ಪ ಕಾಗದ, ಬಂಗಾರದ ಅಂಚು. ‘ನಮ್ಮ ಜನಪದದ ಜೀವಂತ ನಾದವನ್ನು ಜಗತ್ತಿಗೆ ಕೇಳಿಸುವ ಸುಯೋಗ. ಶಂಖವನ್ನು ಸಮಿತಿಯೇ ಒದಗಿಸುತ್ತದೆ.’ ಕೆಳಗೆ ಆ ಶಂಖದ ಬಣ್ಣದ ಚಿತ್ರ. ತುಟಿಯ ಒಂದು ಕಡೆ ಮುರುಕು. ಮುರುಕಿನ ತುಂಬ ಕೆಂಪು.

ಮರುದಿನವೇ ತಮ್ಮ ಕಚೇರಿಗೆ ಬಂದೆ. ಪ್ರವೇಶಾಂಗಣದಲ್ಲಿ, ಕುರ್ಚಿಗಳ ಎದುರಿಗೇ, ಗಾಜಿನ ಪೆಟ್ಟಿಗೆಯೊಳಗೆ ಅದು ಇದೆ. ‘ಸಾಂಪ್ರದಾಯಿಕ ಶಂಖ. ದಾನಿ: ತಿಳಿದಿಲ್ಲ.’ ಆ ಫಲಕದಲ್ಲಿ ಬರೆದ ವರ್ಷವನ್ನು ನೋಡಿದೆ: ಆ ಪಂದ್ಯಾವಳಿಯದೇ ವರ್ಷ. ಪಂದ್ಯ ಮುಗಿದ ವಾರದಲ್ಲೇ ಅದನ್ನು ಅಲ್ಲಿಟ್ಟರೆಂದು ಸ್ವಾಗತ ಮೇಜಿನ ಹೆಂಗಸು ಹೇಳಿದರು; ಎಂದರೆ ತಾತ ಎರಡನೆಯ ಸೋಮವಾರ ಬರುವ ಹೊತ್ತಿಗಾಗಲೇ ಅದು ಅಲ್ಲಿತ್ತು. ಮೇಲಿನ ಮಹಡಿಯ ಅರ್ಜಿ ವಿಭಾಗಕ್ಕೆ ಹಿಂಬಾಗಿಲ ಮೆಟ್ಟಿಲಿನಿಂದ ಹೋಗಬೇಕು. ಅರ್ಜಿದಾರರಿಗೆ ಮುಂಬಾಗಿಲಿನಿಂದ ಪ್ರವೇಶವಿಲ್ಲ. ಹಾಗಾಗಿ ನನ್ನ ತಾತ ಅದನ್ನು ನೋಡಲೇ ಇಲ್ಲ. ಒಂದು ಗೋಡೆಯ ಆಚೆ ಅವರ ಶಂಖ, ಈಚೆ ಚೀಟಿ ಹಿಡಿದ ಅವರು. ನಾನು ೪೧೭ನೇ ಚೀಟಿಯನ್ನು ಗಾಜಿನ ಮೇಲಿಟ್ಟೆ. “ಓ, ಇದು ಹಳೇ ಚೀಟಿ” ಎಂದರು ಆ ಹೆಂಗಸು, ದಯೆಯಿಂದಲೇ. “ಒಂದು ಅರ್ಜಿ ಕೊಡಿ.”

ಇದು ಅರ್ಜಿಯಲ್ಲ. ಇದೇ ಫೆಬ್ರವರಿ ಇಪ್ಪತ್ತೆಂಟು ನನ್ನ ತಾತನ ನಲವತ್ತನೇ ದಿನದ ಪ್ರಾರ್ಥನೆ. ಅದಕ್ಕೆ ಮುಂಚೆ ಆ ಗಾಜಿನ ಪೆಟ್ಟಿಗೆಯನ್ನು ತೆರೆಸಿ, ಶಂಖವನ್ನು ಬಟ್ಟೆಯಲ್ಲಿ ಸುತ್ತಿ, ಯಾರಾದರೊಬ್ಬರ ಕೈಯಲ್ಲಿ ಗ್ವಾವ್ ಮೀನು ಮಾರುಕಟ್ಟೆಗೆ ತಲುಪಿಸತಕ್ಕದ್ದು. ಟ್ಯಾಂಟಿ ವೆರೋನಾ ಅಲ್ಲಿರುತ್ತಾಳೆ. ಬಂದವರಿಗೆ ಊಟ ಹಾಕದೆ ಕಳುಹಿಸುವವಳಲ್ಲ. ಫಲಕವನ್ನು ತಾವೇ ಇಟ್ಟುಕೊಳ್ಳಿ. ದಾನಿಯ ಹೆಸರಿನ ಜಾಗ ಹೇಗೂ ಖಾಲಿಯಿದೆ. ಚೀಟಿಯನ್ನು, ಹನ್ನೊಂದನೇ ನಿಯಮದಲ್ಲಿ ಹೇಳಿರುವಂತೆ, ವಸ್ತು ಕೈಗೆ ಬಂದ ಮೇಲೆ ಹಿಂದಿರುಗಿಸುತ್ತೇನೆ.

ತಮ್ಮ ಉದ್ಘಾಟನೆಯಲ್ಲಿ ನಾನು ಶಂಖ ಊದುವುದಿಲ್ಲ.

ಇಂತಿ,
ನಿಯಮಗಳನ್ನು ಎರಡು ಸಲ ಓದಿದವಳು,
ಶೆರ್ನೆಲ್ ಕಲಿಸ್ಟ್
ಗ್ವಾವ್, ಗ್ರೆನಡಾ